ಸಹಿ ನನ್ನದು ಎಂದವರು

ಕಳೆದ ತಿಂಗಳು ಒಂದು ಭಾನುವಾರ ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಹರಿಹರದಲ್ಲಿರುವ ನಾದಿನಿಯ ಮೊಮ್ಮಗುವಿಗೆ ಹೆಸರಿಡುವ ಕಾರ್ಯವಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು ಎಲೆ ಅಡಿಕೆ ಚೀಲದಿಂದ ಪುಟ್ಟದೊಂದು ಡಬ್ಬಿ ತೆಗೆದು, ತಲೆನೋವಿನ ಮುಲಾಮನ್ನು ಬೆರಳ ತುದಿಗೆ ತೆಗೆದುಕೊಂಡು ಹಣೆಯ ಎರಡೂ ಪಕ್ಕಕ್ಕೆ ತಿಕ್ಕಿಕೊಂಡರು. ಕಿಟಕಿ ತೆರೆದೇ ಇತ್ತು, ಗಾಳಿಯೂ ಜೋರಾಗಿತ್ತು. ಆದರೂ ಕಣ್ಣು ಚುರುಗುಟ್ಟಿಸುವ ಆ ವಾಸನೆ ನನ್ನ ಮೂಗಿಗೆ ಬಡಿಯಿತು. ಅಷ್ಟೇ... ತೊಡೆಯ ಮೇಲಿದ್ದ ಉಡುಗೊರೆಯ ಪೊಟ್ಟಣ ಮರೆತುಹೋಯಿತು. ದಾವಣಗೆರೆಯ ಸರ್ಕಾರಿ ಅತಿಥಿಗೃಹವಾದ ಐಬಿಯ ಮೂಲೆ ಕೋಣೆ, ಮೇಜಿನ ಮೇಲೆ ಫೈಲುಗಳ ರಾಶಿ, ಅದರ ಹಿಂದೆ ಕಣ್ಣು ಮುಚ್ಚಿ ಹಣೆ ತಿಕ್ಕಿಕೊಳ್ಳುತ್ತ ಕೂತ ಮಂತ್ರಿಯವರು ಕಣ್ಣ ಮುಂದೆ ಬಂದರು.

ಅವರು ಆಗ ಶಿಕ್ಷಣ ಮಂತ್ರಿ. ನಮ್ಮ ಜಿಲ್ಲೆಯ ಉಸ್ತುವಾರಿಯೂ ಅವರದೇ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಸ್ಟೆನೋ. ಅವರು ವಾರಕ್ಕೆ ಎರಡು ದಿನ ಬೆಂಗಳೂರಿನಿಂದ ಬಂದು ಐಬಿಯಲ್ಲಿ ಕೂತು ಜಿಲ್ಲೆಯ ಕೆಲಸ ನೋಡುತ್ತಿದ್ದರು. ಹೇಳಿದ್ದನ್ನು ಬರೆದುಕೊಂಡು ಪತ್ರ ಸಿದ್ಧಮಾಡಲು ಒಬ್ಬರು ಬೇಕೆಂದು ನನ್ನನ್ನು ಅಲ್ಲಿಗೆ ಕಳಿಸಿದರು. ಸರಸ್ವತಿ ನಗರದ ನಮ್ಮ ಮನೆಯಿಂದ ಬಸ್ಸು ಹಿಡಿದು ಮೊದಲ ದಿನ ಹೆದರುತ್ತಲೇ ಹೋದೆ. ಮಂತ್ರಿ ಅಂದರೆ ಶಾಲು ಹೊದ್ದು ಮೆರವಣಿಗೆಯಲ್ಲಿ ಹೋಗುವವರು ಎಂದಷ್ಟೇ ನನಗೆ ಗೊತ್ತಿದ್ದದ್ದು. ಇವರು ನೀಲಿ ಅಂಚಿನ ಹತ್ತಿ ಸೀರೆ ಉಟ್ಟು, ಚಪ್ಪಲಿ ಬಾಗಿಲ ಬಳಿ ಬಿಟ್ಟು, ಬರಿಗಾಲಲ್ಲಿ ಕೋಣೆಯ ಉದ್ದಗಲಕ್ಕೂ ನಡೆದಾಡುತ್ತ ಪತ್ರ ಹೇಳತೊಡಗಿದರು. ಮಾತು ಓಡುತ್ತಿತ್ತು, ನನ್ನ ಪೆನ್ಸಿಲ್ಲು ಹಿಂದೆ ಬಿತ್ತು.

"ಸ್ವಲ್ಪ ನಿಧಾನ ಹೇಳ್ರಿ ಮೇಡಂ" ಅಂದುಬಿಟ್ಟೆ.

ಬಾಗಿಲಲ್ಲಿ ನಿಂತಿದ್ದ ಅಧಿಕಾರಿಯೊಬ್ಬರು ನನ್ನತ್ತ ಗಾಬರಿಯಿಂದ ನೋಡಿದರು. ಮಂತ್ರಿಯವರು ನಿಂತರು, ನಕ್ಕರು. "ಹಂಗ ಕೇಳಬೇಕು ನೋಡು ತಂಗಿ. ಇಲ್ಲಿ ಯಾರೂ ಕೇಳಲ್ಲ, ತಲೆ ಆಡಸ್ತಾರೆ, ಹೊರಗೆ ಹೋಗಿ ತಮಗೆ ತಿಳಿದಂಗ ಬರೀತಾರೆ" ಅಂದರು.

ಅವರಿಗೆ ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಎದುರಿಗಿದ್ದವರು ಮಾತು ಮುಗಿಸುವ ತನಕ ಕಾಯುವ ತಾಳ್ಮೆ ಇರಲಿಲ್ಲ. ಒಮ್ಮೆ ಫೈಲನ್ನು ನೆಲಕ್ಕೆ ಎಸೆದದ್ದನ್ನೂ ನೋಡಿದ್ದೇನೆ. ಐದು ನಿಮಿಷದ ಮೇಲೆ ಅವರೇ ಬಗ್ಗಿ ಹಾಳೆಗಳನ್ನು ಆರಿಸಿದರು... ಆದರೆ ಕ್ಷಮೆ ಅಂತ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆನೋವು ಶುರುವಾಗುತ್ತಿತ್ತು. ಮೇಜಿನ ಖಾನೆಯಿಂದ ಡಬ್ಬಿ ತೆಗೆದು ಹಣೆಗೆ ಹಚ್ಚಿಕೊಂಡು, ಕಣ್ಣು ಮುಚ್ಚಿಯೇ ಪತ್ರ ಹೇಳುತ್ತಿದ್ದರು. ಅವರ ತಾಯಿ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡಿದವರು. ಮಗಳು ಅದೇ ಭಟ್ಟಿಯ ಹೊಗೆಯಲ್ಲಿ, ಕಾದ ಮರಳಿನ ಬಾಣಲೆಯ ಪಕ್ಕದಲ್ಲಿ ಬೆಳೆದದ್ದು. "ಆ ಕಾವು ತಲೆಯೊಳಗ ಹೋಗಿ ಕೂತುಬಿಟ್ಟೈತೆ, ಇನ್ನೂ ಇಳಿದಿಲ್ಲ" ಅನ್ನುತ್ತಿದ್ದರು. ಓಣಿಯ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ದಿನಾ ಬೆಳಿಗ್ಗೆ ಭಟ್ಟಿಯ ಬಾಗಿಲಿಗೆ ಬಂದು, ಈ ಹುಡುಗಿಯನ್ನು ಕರೆದುಕೊಂಡು ಹೋಗಿ ಬೇವಿನ ಮರದ ಕೆಳಗೆ ಕೂರಿಸಿ ಕಲಿಸಿದರಂತೆ. ಕೋಣೆ ಇರಲಿಲ್ಲ, ಹಲಗೆಯೂ ಒಂದೇ. "ನಮ್ಮ ಶಾಲಿಗೆ ಸೂರು ಇರ್ಲಿಲ್ಲ ತಂಗಿ, ಮೇಷ್ಟ್ರು ಇದ್ರು. ಅದಕ್ಕ ನಾನು ಇಲ್ಲಿದ್ದೀನಿ." ಈ ಮಾತನ್ನು ಅವರು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ನಾನು ಹೇಳಹೊರಟಿರುವುದು ಕೊರೊನಾ ಮುಗಿದ ಮೇಲಿನ ವರ್ಷದ ಮಾತು. ಕಾಯಿಲೆ ಹೋಗಿತ್ತು, ಅದು ತಂದಿಟ್ಟ ಕಷ್ಟ ಹೋಗಿರಲಿಲ್ಲ. ಪೇಟೆಯಲ್ಲಿ ಎಷ್ಟೋ ಅಂಗಡಿಗಳು ಬಾಗಿಲು ತೆರೆಯಲೇ ಇಲ್ಲ. ಖಾಸಗಿ ಶಾಲೆಯ ಫೀಸು ಕಟ್ಟಲಾರದ ತಂದೆ ತಾಯಿಗಳು ಮಕ್ಕಳನ್ನು ಸರ್ಕಾರಿ ಶಾಲೆಗೆ ತಂದು ಸೇರಿಸಿದರು. ಟೈ ಕಟ್ಟಿದ್ದ ಹಳೆಯ ಯೂನಿಫಾರ್ಮಿನಲ್ಲೇ ಆ ಮಕ್ಕಳು ಬಂದು ನೆಲದ ಮೇಲೆ ಕೂತರು. ಶಾಲೆಗಳು ತುಂಬಿದವು, ಸರ್ಕಾರದ ಖಜಾನೆ ಮಾತ್ರ ಬರಿದಾಗಿತ್ತು. ಎಲ್ಲ ಇಲಾಖೆಗಳೂ ಖರ್ಚು ಕಡಿಮೆ ಮಾಡಬೇಕೆಂದು ಮೇಲಿನಿಂದ ಸೂಚನೆ ಬಂತು. ಶಿಕ್ಷಣ ಇಲಾಖೆಗೆ ಹೇಳಿದ್ದು ಎರಡು ಮಾತು: ಮಕ್ಕಳು ಕಡಿಮೆಯಿರುವ ಹಳ್ಳಿ ಶಾಲೆಗಳನ್ನು ಮುಚ್ಚಿ, ಅತಿಥಿ ಶಿಕ್ಷಕರನ್ನು ಕೈಬಿಡಿ.

ಅತಿಥಿ ಶಿಕ್ಷಕರು ಅಂದರೆ ಕಾಯಂ ಅಲ್ಲದವರು, ವರ್ಷದಿಂದ ವರ್ಷಕ್ಕೆ ಕರೆಸಿಕೊಳ್ಳುವವರು. ನನ್ನ ತಂಗಿ ಅಂಥವಳೊಬ್ಬಳು. ಹದಡಿ ಕಡೆಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಅವಳ ಗಂಡ ಕೆಲಸ ಮಾಡುತ್ತಿದ್ದ ಬಟ್ಟೆ ಅಂಗಡಿ ಮುಚ್ಚಿತ್ತು. ಮನೆ ನಡೆಯುತ್ತಿದ್ದದ್ದು ಇವಳಿಂದ. ಮಂತ್ರಿಯವರಿಗೆ ಇದು ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ.

ಒಂದು ದಿನ ಐಬಿಯಿಂದಲೇ ಬೆಂಗಳೂರಿನ ಅಧಿಕಾರಿಗಳ ಜೊತೆ ಕಂಪ್ಯೂಟರಿನಲ್ಲಿ ಸಭೆ ನಡೆಯಿತು. ನಾನು ಟಿಪ್ಪಣಿ ಬರೆದುಕೊಳ್ಳುತ್ತ ಪಕ್ಕದಲ್ಲಿ ಕೂತಿದ್ದೆ. ಪರದೆಯ ಮೇಲಿನ ಹಿರಿಯ ಅಧಿಕಾರಿ ತುಂಬ ಸೌಜನ್ಯದಿಂದ, ಹತ್ತಿರದ ದೊಡ್ಡ ಶಾಲೆಗೆ ಮಕ್ಕಳು ನಡೆದು ಹೋಗಬಹುದು ಎಂದರು.

"ನೀವು ಮುಚ್ಚಬೇಕು ಅನ್ನೋ ಶಾಲಿಗೆ ಒಂದ್ ಸಲ ಹೋಗಿ ಬಂದೀರೇನ್ರಿ?" ಎಂದು ಮಂತ್ರಿಯವರು ಕೇಳಿದರು.

ಆ ಅಧಿಕಾರಿ ಮುಂದಿದ್ದ ಹಾಳೆಗಳನ್ನು ತಿರುವಿಹಾಕಿದರು.

"ಗಂಡುಹುಡುಗ್ರು ನಡೀತಾರೆ. ಹೆಣ್ಣುಹುಡುಗಿ ನಡೆಯಲ್ಲ, ಮನೆಯಾಗ ಉಳೀತಾಳೆ. ಹಿಂಗ ಉಳಿದವ್ರು ನನ್ನ ಓಣಿಯಾಗ ಬಾಳ ಜನ ಇದ್ರು. ಶಾಲಿ ಮುಚ್ಚಾಕ ನಾನು ಒಪ್ಪಲ್ಲ. ಮೇಷ್ಟ್ರನ್ನ ಬಿಡಾಕೂ ಒಪ್ಪಲ್ಲ. ಬೇರೆ ಎಲ್ಲಿ ಕಡಿಮಿ ಮಾಡಬೇಕೋ ನಾನೇ ಹೇಳ್ತೀನಿ."

ಅವರು ಹೇಳಿದ್ದು ಕಟ್ಟಡಗಳನ್ನು. ಹೊಸ ಕಟ್ಟಡ ಎರಡು ವರ್ಷ ಬೇಡ, ಗೋಡೆಗೆ ತೂಗುಹಾಕುವ ದೊಡ್ಡ ಟಿವಿಗಳು ಬೇಡ, ಉದ್ಘಾಟನೆ ಸಮಾರಂಭಗಳು ಬೇಡ. ಪಾಠ ಹೇಳುವವರು ಮತ್ತು ಮಧ್ಯಾಹ್ನದ ಊಟ, ಇವೆರಡಕ್ಕೆ ಯಾರೂ ಕೈ ಹಾಕಕೂಡದು. ಅವತ್ತು ಟಿಪ್ಪಣಿ ಬರೆಯುವಾಗ ನನ್ನ ಕಣ್ಣು ಮಂಜಾದದ್ದು ನಿಜ. ತಂಗಿಯ ಮುಖ ನೆನಪಾಗಿತ್ತು.

ಆದರೆ ಕಟ್ಟಡ ಬೇಡ ಅಂದರೆ ಯಾರಿಗೆ ಇಷ್ಟವಾಗುತ್ತದೆ? ಶಾಸಕರಿಗೆ ಊರಿನಲ್ಲಿ ತೋರಿಸಲು ಏನೂ ಉಳಿಯಲಿಲ್ಲ. ಗುತ್ತಿಗೆದಾರರು ಮುನಿದರು. ಮಂತ್ರಿಯವರ ಪಕ್ಷದವರೇ ಹಿಂದೆ ಗೊಣಗಿದರು. ಎಲ್ಲಕ್ಕಿಂತ ಹೆಚ್ಚಾಗಿ, ಅವರ ಸ್ವಂತ ಕ್ಷೇತ್ರವಾದ ಹರಿಹರದಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿಗೆ ಅವರೇ ಗುದ್ದಲಿ ಪೂಜೆ ಮಾಡಿದ್ದರು. ಅದೂ ನಿಂತಿತು. ತಮ್ಮದನ್ನು ಮಾತ್ರ ಕಟ್ಟಿಸಿಕೊಂಡರೆ ಬೇರೆಯವರಿಗೆ ಏನಂತ ಹೇಳಲಿ ಎಂಬುದು ಅವರ ಮಾತು. ಆ ಹುಡುಗಿಯರು ತಗಡಿನ ಶೆಡ್ಡಿನಲ್ಲಿ ಕೂತು ಓದುತ್ತಿದ್ದರು.

ಹರಿಹರದ ಸಮುದಾಯ ಭವನದಲ್ಲಿ ಸಭೆ ಕರೆದು ಜನರಿಗೆ ಉತ್ತರ ಹೇಳಲು ಹೋದರು. ಹೋಗಬೇಡಿ ಎಂದು ಆಪ್ತ ಕಾರ್ಯದರ್ಶಿ ಬೇಡಿಕೊಂಡರೂ ಕೇಳಲಿಲ್ಲ. ನಾನೂ ಜೊತೆಗಿದ್ದೆ. ಭವನ ತುಂಬಿತ್ತು. ಶುರುವಿನಲ್ಲೇ ಕೂಗಾಟ. ಅವರು ಮೈಕು ಹಿಡಿದು ಸುಮ್ಮನೆ ನಿಂತರು, ಗದ್ದಲ ಇಳಿಯುವವರೆಗೂ ನಿಂತೇ ಇದ್ದರು. ಆಮೇಲೆ ಖಜಾನೆಯ ಸ್ಥಿತಿ ಹೇಳಿದರು, ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದದ್ದನ್ನು ಹೇಳಿದರು. ಕೊನೆಗೆ ತಮ್ಮ ಬೇವಿನ ಮರದ ಕಥೆಗೆ ಬಂದರು.

ಮಧ್ಯದ ಸಾಲಿನಲ್ಲಿದ್ದ ಒಬ್ಬ ತಂದೆ ಎದ್ದು ನಿಂತ. ಕಾರ್ಖಾನೆಯ ಕೆಲಸದ ಬಟ್ಟೆಯಲ್ಲೇ ಬಂದಿದ್ದ. "ಅದು ನಿಮ್ಮ ಕಾಲ ಆತ್ರಿ ಅಮ್ಮಾರೆ" ಅಂದ. "ನೀವು ಮರದ ಕೆಳಗ ಕಲ್ತೀರಿ ಅಂತ ನನ್ನ ಮಗಳು ಯಾಕ ತಗಡಿನ ಕೆಳಗ ಕೂಡಬೇಕು? ಮಧ್ಯಾಹ್ನ ಆ ತಗಡು ಹೆಂಗ ಕಾಯ್ತೈತೆ ನೋಡೀರಾ?"

ಕಾದ ಬಾಣಲೆಯ ಪಕ್ಕ ಬೆಳೆದವರಿಗೆ ಆ ಮಾತು ಎಲ್ಲಿ ತಾಗಿತೋ... ಮಂತ್ರಿಯವರು ಮೈಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

"ಕೂಡಬಾರ್ದಪ್ಪ" ಅಂದರು. "ನಿನ್ನ ಮಾತು ಖರೆ ಐತೆ. ಮರದ ಕಥಿ ಇನ್ನ ಹೇಳಲ್ಲ. ಆದ್ರ ಒಂದು ಕೇಳ್ತೀನಿ. ಕಟ್ಟಡ ಎರಡು ವರ್ಷ ಕಾಯ್ತೈತೆ. ಮೂರನೇ ಕ್ಲಾಸಿನ ಹುಡುಗಿಗೆ ಈ ವರ್ಷ ಮೇಷ್ಟ್ರು ಇಲ್ಲ ಅಂದ್ರ, ಹೋದ ವರ್ಷನ ನಾನು ಎಲ್ಲಿಂದ ತಂದು ಕೊಡ್ಲಿ? ನಿನ್ನ ಮಗಳಿಗೆ ಕಷ್ಟ ಕೊಟ್ಟೀನಿ. ಗೊತ್ತಿದ್ದೇ ಕೊಟ್ಟೀನಿ. ಬೈಯೋದಿದ್ರ ನನ್ನ ಬೈ, ಮಾಡಿದ್ದು ಮಾತ್ರ ತಪ್ಪಲ್ಲ."

ಚಪ್ಪಾಳೆ ಬೀಳಲಿಲ್ಲ. ಕೂಗಾಟವೂ ಆಗಲಿಲ್ಲ. ಆ ತಂದೆ ತಲೆಯಾಡಿಸಿ ಕೂತ. ವಾಪಸು ಬರುವಾಗ ಮಂತ್ರಿಯವರು ಆ ಶೆಡ್ಡಿನ ಹತ್ತಿರ ಕಾರು ನಿಲ್ಲಿಸಿ ಒಳಗೆ ಹೋಗಿ, ಖಾಲಿ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದರು. ಮರುವಾರ ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದ್ದನ್ನು ಯಾರೋ ಹೇಳಿದರು.

ಹರಿಹರದ ಆ ಸಭೆಯ ಮರುದಿನ ಜಿಲ್ಲೆಯ ಶಿಕ್ಷಣಾಧಿಕಾರಿಗಳಿಗೆಲ್ಲ ಒಂದು ಪತ್ರ ಹೋಗಬೇಕೆಂದರು. ಏನು ನಿಲ್ಲಿಸಬೇಕು, ಏನು ನಿಲ್ಲಿಸಕೂಡದು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಅವರು ಹೇಳಿದರು, ನಾನು ಬರೆದುಕೊಂಡೆ. ಅತಿಥಿ ಶಿಕ್ಷಕರನ್ನು ಯಾವ ಕಾರಣಕ್ಕೂ ಬಿಡುಗಡೆ ಮಾಡಕೂಡದು ಎಂಬ ಸಾಲು ಬಂದಾಗ ನನಗಾದ ಸಂತೋಷ ಇವತ್ತಿಗೂ ನೆನಪಿದೆ. ಟೈಪು ಮಾಡುವಾಗ ಆ ಸಾಲನ್ನು ಮೂರು ಸಲ ಓದಿದೆ, ಅಕ್ಷರ ಅಕ್ಷರ ನೋಡಿದೆ. ಉಳಿದದ್ದನ್ನು ಓದಲೇ ಇಲ್ಲ. ಕೆಳಗೆ ಕಾರು ನಿಂತಿತ್ತು, ಮಂತ್ರಿಯವರು ಬೆಂಗಳೂರಿಗೆ ಹೊರಡುವವರಿದ್ದರು. ನಿಂತುಕೊಂಡೇ ಸಹಿ ಹಾಕಿ ಹೊರಟರು.

ಮುಂಗಾರು ಹಿಡಿದ ಮೇಲೆ, ಒಂದು ಬೆಳಿಗ್ಗೆ ಸುದ್ದಿ ಬಂತು. ನಂದಿಗುಡಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಚಾವಣಿಯ ಗಾರೆ ಕಳಚಿ, ಐದನೇ ತರಗತಿಯ ಹುಡುಗಿಯ ಬಲಗೈ ಮೇಲೆ ಬಿದ್ದಿತ್ತು. ಮೂಳೆ ಎರಡು ಕಡೆ ಮುರಿದಿತ್ತು. ಆ ಚಾವಣಿಯ ರಿಪೇರಿಗೆ ಮೊದಲೇ ಮಂಜೂರಾತಿ ಸಿಕ್ಕಿತ್ತು, ಅಂಗಳದಲ್ಲಿ ಮರಳೂ ಬಂದು ಬಿದ್ದಿತ್ತು. ಆದರೂ ಕೆಲಸ ನಿಂತಿತ್ತು. ಯಾಕೆಂದು ಕೇಳಿದಾಗ ಅಲ್ಲಿನವರು ತೋರಿಸಿದ್ದು ಮಂತ್ರಿಯವರ ಪತ್ರವನ್ನು.

ನಾನು ಕಚೇರಿ ಪ್ರತಿ ತೆಗೆದು ನೋಡಿದೆ. "ಶಾಲಾ ಕಟ್ಟಡ ಕಾಮಗಾರಿಗಳನ್ನು ಮುಂದಿನ ಆದೇಶದವರೆಗೆ ಸ್ಥಗಿತಗೊಳಿಸುವುದು" ಎಂದಿತ್ತು. ಅವರು ಹೇಳಿದ್ದನ್ನು ಬರೆದುಕೊಂಡಿದ್ದ ನನ್ನ ಶೀಘ್ರಲಿಪಿ ಪುಸ್ತಕವನ್ನು ಬೀರುವಿನಿಂದ ತೆಗೆದೆ. ಪುಟ ಸಿಕ್ಕಿತು. ಅಲ್ಲಿ "ಹೊಸ ಶಾಲಾ ಕಟ್ಟಡ ಕಾಮಗಾರಿ" ಎಂದಿತ್ತು. "ಹೊಸ" ಎಂಬ ಪದವನ್ನು ನಾನು ಬಿಟ್ಟಿದ್ದೆ. ಹಾಗಾಗಿ ಹೊಸದರ ಜೊತೆ ರಿಪೇರಿಯೂ ನಿಂತುಹೋಗಿತ್ತು.

ಆಗ ಒಂದು ವಿಚಾರ ಬಂದದ್ದನ್ನು ಮುಚ್ಚಿಡುವುದಿಲ್ಲ. ಆ ಪುಸ್ತಕವನ್ನು ಓದಬಲ್ಲವಳು ಆ ಕಚೇರಿಯಲ್ಲಿ ನಾನೊಬ್ಬಳೇ. ಪುಟವೊಂದನ್ನು ಹರಿದು ಹಾಕಿದರೆ ಮುಗಿಯಿತು, ಅವರು ಹೇಳಿದ್ದೇ ಹಾಗೆ ಎಂದಾಗುತ್ತಿತ್ತು. ಪುಟದ ಅಂಚು ಬೆರಳಲ್ಲಿ ಹಿಡಿದಿದ್ದೆ. ಹರಿಯಲು ಆಗಲಿಲ್ಲ. ಧೈರ್ಯದಿಂದಲ್ಲ, ಹೆದರಿಕೆಯಿಂದ.

ಮಧ್ಯಾಹ್ನ ಮಂತ್ರಿಯವರು ಬೆಂಗಳೂರಿನಿಂದ ನೇರವಾಗಿ ದಾವಣಗೆರೆಯ ಆಸ್ಪತ್ರೆಗೆ ಹೋಗಿ, ಹುಡುಗಿಯನ್ನು ನೋಡಿಕೊಂಡು ಐಬಿಗೆ ಬಂದರು. ಮುಖ ಬಾಡಿತ್ತು. ಪಕ್ಷದ ಇಬ್ಬರು ಅವರ ಜೊತೆ ಒಳಗಿದ್ದರು. ಯಾರನ್ನಾದರೂ ಇವತ್ತೇ ಸಸ್ಪೆಂಡ್ ಮಾಡಿದರೆ ಸುದ್ದಿ ತಣ್ಣಗಾಗುತ್ತದೆ ಎನ್ನುತ್ತಿದ್ದರು. ಆ ಶಾಲೆಯ ಹೆಡ್‌ಮಾಸ್ಟರ ಹೆಸರು ಕೇಳಿಬಂತು, ತಾಲ್ಲೂಕಿನ ಶಿಕ್ಷಣಾಧಿಕಾರಿಯ ಹೆಸರೂ ಬಂತು. ಆ ಇಬ್ಬರು ಹೊರಗೆ ಹೋಗುವುದನ್ನೇ ಕಾದು ನಾನು ಒಳಗೆ ಹೋದೆ. ಪತ್ರದ ಪ್ರತಿ, ನನ್ನ ಪುಸ್ತಕ ಎರಡನ್ನೂ ಮೇಜಿನ ಮೇಲಿಟ್ಟೆ.

"ಇದೇನು ಗೀಟು?" ಅಂದರು. ಶೀಘ್ರಲಿಪಿ ಅವರಿಗೆ ಬರುತ್ತಿರಲಿಲ್ಲ.

"ಇಲ್ಲಿ ಹೊಸ ಅಂತ ಐತ್ರಿ ಮೇಡಂ. ಪತ್ರದಾಗ ಇಲ್ರಿ. ನಾನು ಬಿಟ್ಟೀನ್ರಿ."

ಅವರು ಎರಡನ್ನೂ ನೋಡಿದರು. ಕನ್ನಡಕ ತೆಗೆದಿಟ್ಟರು. ಮುಲಾಮಿನ ಡಬ್ಬಿ ಮುಚ್ಚಳ ತೆಗೆದು ಹಾಗೆಯೇ ಮುಚ್ಚಿದರು.

"ಕೆಳಗ ಸಹಿ ಯಾರ್ದು?"

"ನಿಮ್ದ್ರಿ."

"ಓದ್ದೇ ಸಹಿ ಹಾಕಿದ್ದು ಯಾರು?"

ನಾನು ಅಳುತ್ತಿದ್ದೆ.

"ಅಳಬ್ಯಾಡ. ನಿನ್ನ ಮೇಲೆ ಸಿಟ್ಟಿಲ್ಲ ಅಂತ ತಿಳ್ಕಬ್ಯಾಡ. ಬಾಳ ಸಿಟ್ಟೈತೆ. ನನ್ನ ಮೇಲೂ ಐತೆ. ರಿಪೇರಿ ಅಂತ ಬ್ಯಾರೆ ಒಂದು ಸಾಲು ನಾನು ಹೇಳಬೇಕಿತ್ತು, ಹೇಳ್ಲಿಲ್ಲ. ಸೂರು ನೆನಪಾಗ್ಲೇ ಇಲ್ಲ ನನಗೆ." ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದರು. "ಆ ಒಂದು ಮಾತು ಹೆಂಗ ಬಿಡ್ತು?"

ತಂಗಿಯ ವಿಷಯವನ್ನೆಲ್ಲ ಹೇಳಿದೆ. ಆ ಸಾಲನ್ನು ಮೂರು ಸಲ ಓದಿದ್ದನ್ನೂ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದರು. ಅವರು ಹಾಗೆ ಕೇಳಿದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

"ನಿನ್ನ ತಂಗಿಗೆ ಇದನ್ನ ಹೇಳಬ್ಯಾಡ" ಅಂದರು. "ಪಾಠ ಮಾಡೋ ಹೊತ್ತಿನಾಗ ಇದು ತಲೆಯಾಗ ಕೂತ್ರ ಕಷ್ಟ. ಕೂಡು ಈಗ. ಹೊಸ ಪತ್ರ ಬರಿ."

ರಿಪೇರಿ ಕೆಲಸಗಳು ಎಲ್ಲಕ್ಕಿಂತ ಮೊದಲು, ಸೋರುವ ಕೋಣೆಯಲ್ಲಿ ಒಂದು ಮಗುವನ್ನೂ ಕೂರಿಸಕೂಡದು ಎಂದು ಹೇಳಿದರು. ಟೈಪು ಮಾಡಿ ತಂದಾಗ ಗಟ್ಟಿಯಾಗಿ ಓದಿಸಿದರು. ನಾನು ತಡವರಿಸಿದ ಕಡೆಯಲ್ಲೆಲ್ಲ ಕಾದರು. ಆಮೇಲೆ ತಾವೇ ಒಮ್ಮೆ ಓದಿ ಸಹಿ ಮಾಡಿದರು.

ನಾನು ಕೆಲಸ ಹೋಯಿತೆಂದೇ ತಿಳಿದಿದ್ದೆ. ಹೋಗಲಿಲ್ಲ. ಹೆಡ್‌ಮಾಸ್ಟರಿಗೂ ಏನೂ ಆಗಲಿಲ್ಲ, ಅಧಿಕಾರಿಗೂ ಆಗಲಿಲ್ಲ. ಮುಂದಿನ ವಾರ ವಿಧಾನಸಭೆಯಲ್ಲಿ ಗದ್ದಲವೆದ್ದಿತು. ನಾವೆಲ್ಲ ಕಚೇರಿಯ ಟಿವಿಯ ಮುಂದೆ ನಿಂತು ನೋಡುತ್ತಿದ್ದೆವು. ವಿರೋಧ ಪಕ್ಷದವರು ನೀತಿ ವಾಪಸು ತೆಗೆದುಕೊಳ್ಳಿ ಅಂದರು. ಮಂತ್ರಿಯವರ ಪಕ್ಷದವರು ತಲೆ ತಗ್ಗಿಸಿ ಕೂತಿದ್ದರು. ಇಷ್ಟು ದಿನ ಕಾದಿದ್ದ ಅವಕಾಶ ಎಲ್ಲರಿಗೂ ಸಿಕ್ಕಿತ್ತು. ಮಗುವಿನ ಕೈ ಮುರಿದ ನೀತಿ ಎಂದು ಒಬ್ಬರು ಕೂಗಿದರು. ಮಂತ್ರಿಯವರು ಎದ್ದರು. ಕೈಯಲ್ಲಿ ಕಾಗದವಿರಲಿಲ್ಲ.

ನೀತಿ ಸರಿಯಿದೆ, ಅದನ್ನು ಬದಲಿಸುವುದಿಲ್ಲ ಎಂದರು. ಶಾಲೆ ಮುಚ್ಚಿದ್ದರೆ, ಮೇಷ್ಟರನ್ನು ಮನೆಗೆ ಕಳಿಸಿದ್ದರೆ ಎಷ್ಟು ಮಕ್ಕಳಿಗೆ ಏನು ಮುರಿಯುತ್ತಿತ್ತೋ ಅದು ಯಾವ ಟಿವಿಯಲ್ಲೂ ಕಾಣುತ್ತಿರಲಿಲ್ಲ ಎಂದರು. ಆಮೇಲೆ ದನಿ ಇಳಿಸಿ, ಪತ್ರ ಮಾತ್ರ ತಪ್ಪು ಎಂದರು. ಪತ್ರದಲ್ಲಿ ತಪ್ಪು ಮಾಡಿದ ಅಧಿಕಾರಿ ಯಾರು, ಹೆಸರು ಹೇಳಿ ಎಂದು ಆ ಕಡೆಯಿಂದ ಕೂಗಿದರು.

"ಸಹಿ ನನ್ನದು. ತಪ್ಪು ನನ್ನದು. ಬ್ಯಾರೆ ಹೆಸರಿಲ್ಲ."

ಇಷ್ಟು ಹೇಳಿ ಕೂತರು. ಟಿವಿಯ ಮುಂದೆ ನನ್ನ ಪಕ್ಕದಲ್ಲಿದ್ದ ಗುಮಾಸ್ತರೊಬ್ಬರು, ಯಾರೋ ಕೆಳಗಿನವರು ಮಾಡಿರುತ್ತಾರೆ ಬಿಡಿ ಎಂದರು. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ.

ಎರಡು ತಿಂಗಳ ಮೇಲೆ ಸಂಪುಟ ಬದಲಾದಾಗ ಅವರ ಖಾತೆ ಹೋಯಿತು. ಬೇರೆ ಖಾತೆಯನ್ನೂ ಕೊಡಲಿಲ್ಲ. ಆದರೆ ಆ ವರ್ಷ ನಮ್ಮ ಜಿಲ್ಲೆಯಲ್ಲಿ ಒಂದು ಶಾಲೆಯೂ ಮುಚ್ಚಲಿಲ್ಲ. ತಂಗಿ ಹದಡಿ ಬಸ್ಸು ಹತ್ತುವುದು ಒಂದು ದಿನವೂ ತಪ್ಪಲಿಲ್ಲ. ಅವರ ನಂತರ ಬಂದವರು ಆ ನೀತಿಯನ್ನು ಮುಟ್ಟಲಿಲ್ಲ, ಅದು ತಮ್ಮದೇ ಎಂಬಂತೆ ಭಾಷಣವನ್ನೂ ಮಾಡಿದರು. ನಮ್ಮ ಮಂತ್ರಿಯವರ ಹತ್ತಿರ ನಾನು ಈ ಮಾತು ಎತ್ತಿದಾಗ, "ಮಾಡ್ಲಿ ಬಿಡು, ನಡೀತಿದ್ರ ಸಾಕು" ಎಂದು ನಕ್ಕಿದ್ದರು. ಖಾತೆ ಹೋದ ಮೇಲೂ ನಾನು ಆಗಾಗ ಅವರ ಮನೆಗೆ ಹೋಗುತ್ತಿದ್ದೆ. ಆ ಪತ್ರದ ಮಾತು ಅವರು ಎಂದೂ ಎತ್ತಲಿಲ್ಲ. ಒಂದೇ ಒಂದು ಸಲ, ನಾನು ಹೊರಡುವಾಗ, "ಆ ಹುಡುಗಿ ಊರಿಗೆ ಒಂದ್ ಸಲ ಹೋಗಿ ಬಾ ತಂಗಿ" ಅಂದರು. ಆಯಿತು ಅಂದೆ. ಹೋಗಲಿಲ್ಲ. ಅವರ ತಪ್ಪು ಎಂದು ಲೋಕಕ್ಕೆಲ್ಲ ಗೊತ್ತಾಗಿತ್ತಲ್ಲ, ನನಗೆ ಅದು ನೆರಳಾಗಿಬಿಟ್ಟಿತ್ತು. ಹೆಸರು ಹೇಳದೆ ಅವರು ನನಗೆ ಮಾಡಿದ್ದು ಉಪಕಾರವೋ, ಅಲ್ಲವೋ ಎಂದು ಕೆಲವು ಸಲ ಅನ್ನಿಸಿದ್ದೂ ಉಂಟು.

ಹೋದ ವರ್ಷ ಅವರು ತೀರಿಕೊಂಡರು. ಮಧ್ಯಾಹ್ನ ಊಟ ಮುಗಿಸಿ ಪೇಪರು ಓದುತ್ತ ಕೂತವರು ಹಾಗೆಯೇ ಹೋಗಿಬಿಟ್ಟರು. ಮನೆಯ ಮುಂದೆ ದೊಡ್ಡ ಜನರ ಕಾರುಗಳು ಹೆಚ್ಚಿರಲಿಲ್ಲ. ಹಳ್ಳಿಗಳಿಂದ ಬಸ್ಸಿನಲ್ಲಿ ಬಂದ ಮೇಷ್ಟ್ರು, ಟೀಚರುಗಳೇ ರಸ್ತೆಯ ಉದ್ದಕ್ಕೂ ನಿಂತಿದ್ದರು. ತಂಗಿಯೂ ಬಂದಿದ್ದಳು. ಅವಳು ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ಅವರು ಇದ್ದಷ್ಟು ದಿನ ಆ ತಪ್ಪು ನಮ್ಮಿಬ್ಬರದಾಗಿತ್ತು. ಈಗ ನನ್ನೊಬ್ಬಳದಾಯಿತು ಎಂಬುದೊಂದೇ ತಲೆಯಲ್ಲಿತ್ತು...

ಬಸ್ಸು ಹರಿಹರದ ನಿಲ್ದಾಣಕ್ಕೆ ಬಂದು ನಿಂತಾಗ ಪಕ್ಕದ ಹೆಂಗಸು ಇಳಿದುಹೋದರು. ನಾನೂ ಇಳಿದೆ. ಎದುರಿಗೆ ನಂದಿಗುಡಿ ಕಡೆಯ ಬಸ್ಸು ನಿಂತಿತ್ತು. ನಾದಿನಿಗೆ ಫೋನು ಮಾಡಿ ತಡವಾಗುತ್ತದೆ ಎಂದೆ. ಯಾಕೆ ಎಂದು ಅವಳು ಕೇಳುತ್ತಿರುವಾಗಲೇ ಆ ಬಸ್ಸು ಹತ್ತಿದ್ದೆ.

ಗದ್ದೆಗಳ ನಡುವೆ ಆ ಹಳ್ಳಿಯಲ್ಲಿ ಇಳಿದು ಕೇಳಿದೆ. ಕೈ ಮುರಿದ ಹುಡುಗಿ ಅಂದ ಕೂಡಲೇ ಮನೆ ತೋರಿಸಿದರು. ತಾಯಿ ಅಂಗಳದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ನಾನು ಮಂತ್ರಿಯವರ ಹತ್ತಿರ ಕೆಲಸದಲ್ಲಿದ್ದವಳು ಎಂದೆ. ಚಾಪೆ ಹಾಸಿ ಕೂಡ್ರಿ ಅಂದರು. ಹುಡುಗಿ ಒಳಗಿನಿಂದ ನೀರು ತಂದಳು. ಈಗ ಹೈಸ್ಕೂಲು. ಚೊಂಬು ಹಿಡಿದ ಬಲಗೈ ಮೊಣಕೈಯಲ್ಲಿ ಪೂರ್ತಿ ನೀಳವಾಗುತ್ತಿರಲಿಲ್ಲ. ನಾನು ಅದನ್ನೇ ನೋಡುತ್ತಿದ್ದದ್ದು ಅವಳಿಗೆ ತಿಳಿಯಿತು.

"ಸ್ವಲ್ಪ ಓರೆ ಐತ್ರಿ. ಬರೆಯಾಕ ಬರ್ತೈತೆ" ಅಂದಳು.

ನಾನು ಹೇಳಿದೆ. ಪುಸ್ತಕ, ಪತ್ರ, ಬಿಟ್ಟುಹೋದ ಪದ, ತಂಗಿ, ಎಲ್ಲವನ್ನೂ. ತಾಯಿ ಮೊರವನ್ನು ಪಕ್ಕಕ್ಕಿಟ್ಟು ಕೇಳಿದರು. ನನ್ನ ಮಾತು ಮುಗಿದ ಮೇಲೆ ಮಡಿಲಿನ ಹೊಟ್ಟು ಕೊಡವಿಕೊಂಡರು. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

"ಅವ್ರು ವರ್ಷಕ್ಕ ಎರಡು ಮೂರು ಸಲ ಬರ್ತಿದ್ರು" ಅಂದರು. "ಖಾತಿ ಹೋದ ಮ್ಯಾಲೂ ಬಂದ್ರು. ಇಕಿ ಕೈಲಿ ಬರೆಸಿ ನೋಡ್ತಿದ್ರು. ನಾನು ಪ್ರತಿ ಸಲಾನೂ ಬೈತಿದ್ದೆ. ಇದ ಕಟ್ಟಿ ಮ್ಯಾಲೆ ಕೂತು ಬೈಸ್ಕಂಡು ಹೋಗ್ತಿದ್ರು. ನಾನಲ್ಲವ್ವ ಅಂತ ಒಂದಿನಾನೂ ಅನ್ಲಿಲ್ಲ."

ಆಮೇಲೆ ನನ್ನ ಮುಖ ನೋಡಿ, "ನೀವು ಅವಾಗ್ಲೇ ಬರಬೇಕಿತ್ತು" ಅಂದರು.

"ಹೌದ್ರಿ" ಅಂದೆ.

"ಅವ್ರು ಇದ್ದಾಗ ಬಂದಿದ್ರ, ಅವ್ರಿಗೆ ಒಂದು ಮಾತು ಹೇಳ್ತಿದ್ದೆ."

"ಏನ್ರಿ?"

ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಏನಿಲ್ರಿ. ಊಟ ಮಾಡಿ ಹೋಗ್ರಿ ಅಂತಿದ್ದೆ. ಅಷ್ಟು ಸಲ ಬಂದ್ರು, ನಾನು ಒಂದ್ ಸಲಾನೂ ಅನ್ಲಿಲ್ಲ."

ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಳು. ಮಂತ್ರಿಯವರಿಗೆ ತಿಳಿಸುತ್ತೇನೆ ಎನ್ನಲು ಅವರಿಲ್ಲ. ಆ ತಾಯಿ ಮತ್ತೆ ಮೊರ ಎತ್ತಿಕೊಂಡರು, ಆದರೆ ಅಕ್ಕಿ ಆರಿಸ‌ಲಿಲ್ಲ. ಮಂತ್ರಿಯವರು ಬಂದು ಕೂರುತ್ತಿದ್ದರೆನ್ನುವ ಕಟ್ಟೆಯ ಮೇಲೆ ಯಾರೂ ಇರಲಿಲ್ಲ.